ಕಾಳನ ಫೋಟೊ

ತಾಳವಾಡಿ

ವೃಷಭೇಂದ್ರ ಅವರಿಗೆ,

ಗಾಂಜಾ, ಮತ್ತಿನ ಮಾತ್ರೆ ಬಿಟ್ಟ ನಮ್ಮಂಥವರ ಮೊದಲ ಸಭೆಗೆ ನೀವು ನಿಮ್ಮ ಭವನ ಕೊಟ್ಟಿರಿ, ನಿಜ. ಆದರೆ ನಮ್ಮಲ್ಲೊಬ್ಬನಾದ ಕಾಳ ಸಭೆಯಲ್ಲಿ ಅಳುತ್ತಾ, "ಅವ್ವನ್ ತಾಳಿನೂ ನಾನೇ ಕದ್ದು ಮಾರ್ಬುಟ್ಟೆ ಕಣಣ್ಣ" ಅನ್ನುತ್ತಿದ್ದಾಗ ಒಳಗೆ ಬಂದು ಫೋಟೊ ತೆಗೆದಿರಿ. "ನನ್ನ ಅಳಿಲು ಸೇವೆ" ಎಂದು ಬರೆದು ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದಿರಿ. ಕಾಳ ಈಗ ಮನೆಯಿಂದ ಹೊರಗೇ ಬರುತ್ತಿಲ್ಲ.

ಫೋಟೊ ಅಳಿಸಿ. ಭವನದ ಬೀಗದ ಕೈ ಇದರ ಜೊತೆಗಿದೆ. ಈ ಭಾನುವಾರ ಕಾಳನ ಮನೆಯ ಜಗುಲಿಯಲ್ಲೇ ಕೂರುತ್ತೇವೆ.

ನಿಮ್ಮ ಮಗ ಮಹದೇವಪ್ರಸಾದ್ ಅವತ್ತು ಭವನದ ಬಾಗಿಲಿನವರೆಗೆ ಬಂದಿದ್ದ. ನಿಮ್ಮ ಕೈಯಲ್ಲಿ ಮೊಬೈಲು ನೋಡಿ ಹಿಂದಿರುಗಿದ. "ನಾನೂ ಬತ್ತೀನಿ, ಅಪ್ಪಂಗೆ ನೀನೇ ಯೋಳ್ಬುಡು" ಅಂದಿದ್ದಾನೆ. ಅವನೊಬ್ಬನನ್ನೇ ಕಳಿಸಿ.

ಇತಿ,
ಮಣಿಕಂಠ