ಬಿಸಿಲಿಗೂ ಬೆಳಕಿಗೂ ಒಂದೇ ಕಾಲಂ

ಕಟ್ಟಡಗಳ ವಿದ್ಯುತ್ ಉಳಿತಾಯ ನೋಡಿಕೊಳ್ಳುವ ಮುಖ್ಯ ಅಧಿಕಾರಿಗಳೇ,

ವಿದ್ಯುತ್ ಉಳಿಸಬೇಕೆಂದು ನೀವು ನಮ್ಮ ಕಟ್ಟಡದ ಉತ್ತರದ ಕಿಟಕಿಗಳನ್ನು ಮುಚ್ಚಿಸಿದಿರಿ. ಅಂದಿನಿಂದ ಅಲ್ಲಿ ಹಾಡಹಗಲೇ ಅರವತ್ತು ಟ್ಯೂಬ್‌ಲೈಟ್ ಉರಿಯುತ್ತಿವೆ, ಮತ್ತು ನನ್ನ ಅಕ್ಕನ ಕೆಲಸ ಹೋಗುವುದರಲ್ಲಿದೆ. ಎರಡಕ್ಕೂ ನಿಮ್ಮ ಸಹಿಯೇ ಕಾರಣ. ನಾನು ಆ ಕಟ್ಟಡದ ಎಲೆಕ್ಟ್ರಿಷಿಯನ್. ನಿಮ್ಮ ಆದೇಶ ಹಿಡಿದು ಗಾಜುಗಳಿಗೆ ಕಪ್ಪು ಬಣ್ಣ ಬಳಿದವನೂ ನಾನೇ. ಆದ್ದರಿಂದ ಈ ಪತ್ರದ ಸಿಟ್ಟಿನಲ್ಲಿ ಅರ್ಧ ಪಾಲು ನನಗೂ ಸೇರಬೇಕು.

ಕಟ್ಟಡದ ಕೆಳಗೆ ಬಟ್ಟೆ ಅಂಗಡಿ, ಮೇಲೆ ಹೊಲಿಗೆ ವಿಭಾಗ. ಹತ್ತೊಂಬತ್ತು ವರ್ಷದಿಂದ ಅಲ್ಲಿ ಬಟ್ಟೆಗೆ ದಾರ ಹೊಂದಿಸುವುದು ಅಕ್ಕನ ಕೆಲಸ. ಹೊಸ ಬಟ್ಟೆ ಬಂದರೆ ಅದರ ತುದಿಯನ್ನೂ ದಾರದ ರೀಲನ್ನೂ ಹಿಡಿದು ಉತ್ತರದ ಕಿಟಕಿಗೆ ಹೋಗುವುದು, ಒಮ್ಮೆ ನೋಡುವುದು, ಇದೇ ಅನ್ನುವುದು. ಅವಳು ಹೇಳಿದ ಮೇಲೆ ಮಾಲೀಕರೂ ತುಟಿಪಿಟಿಕ್ ಎನ್ನುತ್ತಿರಲಿಲ್ಲ.

ನಿಮ್ಮ ಇನ್‌ಸ್ಪೆಕ್ಟರು ಟೇಪು ಹಿಡಿದು ಬಂದು ಗಾಜಿನ ಉದ್ದ ಅಗಲ ಅಳೆದರು. ಮಿತಿ ಮೀರಿದೆ, ಒಂದು ಕಡೆಯದನ್ನು ಮುಚ್ಚಿ ಎಂದರು. ಅಂಗಡಿಯ ಪಶ್ಚಿಮದ ಗಾಜಿನ ಗೋಡೆ ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ. ಆದರೆ ಅದು ರಸ್ತೆಗೆ ಕಾಣುವ ಅಂದ, ಉಳಿಯಿತು. ಹಿಂಬದಿಯ ಉತ್ತರದ ಕಿಟಕಿಗಳಿಗೆ ಶಿಕ್ಷೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ ಅಲ್ಲವೇ? ಈ ಕಡೆ ಬಿಸಿಲು ಬೀಳುವುದಿಲ್ಲ, ಬರೀ ಬೆಳಕು ಬರುತ್ತದೆ ಎಂದು ನಾನು ಅವರಿಗೆ ಹೇಳಿದೆ.

"ಗಾಜು ಗಾಜೇ ಅಲ್ವೇನ್ರೀ? ದಿಕ್ಕು ಬರೆಯೋಕೆ ಫಾರಂನಲ್ಲಿ ಜಾಗ ಎಲ್ಲಿದೆ?" ಎಂದರು.

ಮಾನ್ಯರೇ, ಫಾರಂ ತರಿಸಿ ನೋಡಿದೆ. ನಿಜಕ್ಕೂ ಇಲ್ಲ. ಮಾಲೀಕರ ಹೆಸರಿಗೆ ಮೂರು ಗೆರೆ, ಅವರ ತಂದೆಯ ಹೆಸರಿಗೆ ಎರಡು ಗೆರೆ, ಸೂರ್ಯ ಯಾವ ಕಡೆಯಿಂದ ಸುಡುತ್ತಾನೆ ಎಂಬುದಕ್ಕೆ ಒಂದೂ ಇಲ್ಲ. ಬಟ್ಟೆ ಒಣಹಾಕಲು ಬಿಸಿಲು ಬೇಕು, ಸೂಜಿಗೆ ದಾರ ಪೋಣಿಸಲು ಬೆಳಕು ಬೇಕು ಎಂದು ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ನಿಮ್ಮ ಇಲಾಖೆಯಲ್ಲಿ ಯಾರ ಮನೆಯಲ್ಲೂ ಅಜ್ಜಿ ಇಲ್ಲವೇ? ಪಶ್ಚಿಮದ ಗಾಜಿಗೆ ಹೊರಗಿನಿಂದ ನೆರಳು ಮಾಡಿಸಿ ಉತ್ತರವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು. ಈಗ ಟ್ಯೂಬ್‌ಲೈಟುಗಳು ಕೋಣೆಯನ್ನು ಕಾಯಿಸುತ್ತವೆ, ಎಸಿ ಅದನ್ನು ತಣಿಸಲು ಏದುಸಿರು ಬಿಡುತ್ತದೆ, ಮೀಟರು ಮೊದಲಿಗಿಂತ ಜೋರಾಗಿ ಓಡುತ್ತದೆ. ಉಳಿತಾಯ ಆಗಿರುವುದು ನಿಮ್ಮ ಕಡತದಲ್ಲಿ ಮಾತ್ರ.

ಕಳೆದ ತಿಂಗಳು ಕಡುನೀಲಿ ಕೋಟುಗಳಿಗೆ ಅಕ್ಕ ಟ್ಯೂಬ್‌ಲೈಟಿನ ಕೆಳಗೇ ದಾರ ಆರಿಸಿದಳು. ಮುನ್ನೂರು ಕೋಟು ಹೊಲಿದಾಯಿತು. ಗಿರಾಕಿ ಹೊರಗೆ ಹಗಲು ಬೆಳಕಿಗೆ ಒಯ್ದು ನೋಡಿದರೆ ಹೊಲಿಗೆಯೆಲ್ಲ ನೇರಳೆ. ಕಣ್ಣು ಮಂದವಾಗಿದೆ ಎಂದು ಅವಳಿಗೆ ನೋಟಿಸು ಬಂತು. ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಕಣ್ಣಿನ ಡಾಕ್ಟರು ದೋಷವಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಅದನ್ನು ಮಾಲೀಕರು ನಂಬದಿದ್ದರೆ ಇರಲಿ, ಅವಳೇ ನಂಬುತ್ತಿಲ್ಲ. ಮೊನ್ನೆ ಭಾನುವಾರ ಹಿತ್ತಿಲಲ್ಲಿ ಕುಳಿತು ಮಗಳ ಶಾಲೆಯ ಅಂಗಿಗೆ ಗುಂಡಿ ಹಾಕುತ್ತಿದ್ದವಳು ನನ್ನನ್ನು ಕರೆದಳು.

"ಈ ದಾರ ಸರಿಯಿದ್ಯೇನೋ? ನೀನೇ ನೋಡಿ ಹೇಳು. ನನಗೆ ಧೈರ್ಯ ಸಾಲ್ತಿಲ್ಲ."

ನನಗೆ ಬಣ್ಣಗಳ ಹೆಸರು ಕಲಿಸಿದವಳೇ ಅವಳು. ಸರಿಯಿದೆ ಎಂದು ತಲೆಯಾಡಿಸಿದೆ. ಆಮೇಲೆ ನಾಚಿಕೆಯಾಗಿ ಈ ಪತ್ರ ಬರೆಯಲು ಕುಳಿತೆ.

ತಪ್ಪು ಅವಳ ಕಣ್ಣಿನದಲ್ಲ, ನಿಮ್ಮ ಆದೇಶದ್ದು ಎಂದು ವಿಚಾರಣೆಗೆ ಮುಂಚೆ ಬರೆದುಕೊಡಿ. ಉತ್ತರದ ಕಿಟಕಿಗಳನ್ನು ತೆರೆಯಲು ಅನುಮತಿ ಕೊಡಿ. ಫಾರಂಗೆ ದಿಕ್ಕಿನದೊಂದು ಕಾಲಂ ಸೇರಿಸಿ. ಸೋಮವಾರದೊಳಗೆ ಉತ್ತರ ಬಾರದಿದ್ದರೆ ಬ್ಲೇಡು ಹಿಡಿದು ಒಂದು ಗಾಜಿನ ಬಣ್ಣವನ್ನು ನಾನೇ ಕೆರೆಯುತ್ತೇನೆ, ಮಾಲೀಕರ ಎದುರಿಗೇ ಅಕ್ಕನನ್ನು ಅಲ್ಲಿ ನಿಲ್ಲಿಸಿ ದಾರ ಆರಿಸಲು ಹೇಳುತ್ತೇನೆ. ಆದೇಶ ಮೀರಿದ್ದಕ್ಕೆ ನನ್ನ ಕೆಲಸ ಹೋದರೆ ಹೋಗಲಿ. ನನ್ನನ್ನು ಹಿಡಿಯಲು ನಿಮ್ಮ ಇನ್‌ಸ್ಪೆಕ್ಟರು ಬರುವುದಾದರೆ ದಯವಿಟ್ಟು ಹನ್ನೊಂದರ ಒಳಗೇ ಬರಲಿ. ಅವಳ ಪರ ಸಾಕ್ಷಿಗೆ ಒಬ್ಬರು ಕಡಿಮೆ ಇದ್ದಾರೆ.

ಇಂತಿ,
ಇಷ್ಟು ದಿನ ತಮ್ಮ ವಿಧೇಯ,
ಇನ್ನು ಮೇಲೆ ಬರೀ ಅಕ್ಕನ ತಮ್ಮ