ಈಜು, ಸೈಕಲ್, ಓಟ, ಮತ್ತೆ ನಿನ್ನ ಕತ್ತು

ಬ್ರಹ್ಮಾವರ
೯ ಡಿಸೆಂಬರ್ ೨೦೨೪

ಪ್ರೀತಿಯ ಪ್ರಖ್ಯಾತ್,

ನಾವಿಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಿನ್ನಮ್ಮ ಹೇಳುತ್ತಾರೆ, ನಾನು ಪೂರ್ತಿ ನಂಬಿಲ್ಲ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೋಟೆಲಿನಲ್ಲಿ ಗಡಿಬಿಡಿ ಎಂದು ಸುಳ್ಳು ಹೇಳಬಹುದಿತ್ತು. ನಿಜ ಏನೆಂದರೆ, ನೀನು ಕಳಿಸಿದ ಸ್ಪರ್ಧೆಯ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಾ ಕುಳಿತಿದ್ದೆ. ಒಂದು ದಿನ ಅಮಿತಾ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು, ಮದುವೆಯಾದಾಗಿನಿಂದ ಹೆಂಡತಿಯ ಮುಖವನ್ನು ಇಷ್ಟು ಹೊತ್ತು ನೋಡಿದ್ದುಂಟಾ ಎಂದು ಕೇಳಿದಳು.

ಕಾಗದ ಬರೆಯುವುದಕ್ಕೂ ಕಾರಣವಿದೆ. ಮೊಬೈಲಿನಲ್ಲಿ ಬರೆದರೆ ನೀನು ಓದಿ, ಹೆಬ್ಬೆರಳಿನ ಚಿತ್ರ ಒಂದು ಒತ್ತಿ ಸುಮ್ಮನಾಗುತ್ತೀ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ.

ಮೊದಲು ನನ್ನ ಅನುಮಾನ ಹೇಳಿಬಿಡುತ್ತೇನೆ. ಮೂರು ವರ್ಷದಿಂದ ನೀನು ನನಗೆ ದೀಪಾವಳಿಯ ದೀಪದ ಚಿತ್ರ ಬಿಟ್ಟು ಬೇರೇನೂ ಕಳಿಸಿದವನಲ್ಲ. ಈಗ ಇದ್ದಕ್ಕಿದ್ದಂತೆ ಫೋನ್ ಮಾಡಿ, ಸೈಕಲ್ ರೇಸು ಬಿಡುತ್ತೇನೆ, ಈಜು, ಸೈಕಲ್, ಓಟ ಮೂರೂ ಒಂದೇ ದಿನ ಮಾಡುವ ಟ್ರಯಥ್ಲಾನಿಗೆ ಹೋಗುತ್ತೇನೆ, ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎನ್ನುತ್ತೀ. ತಂಡದವರು ತಿಂಗಳ ಕೊನೆಗೆ ಸಹಿ ಕೇಳಿದ್ದಾರೆ, ಸಹಿ ಹಾಕಬೇಕಾದರೆ ಕ್ರೀಡಾ ಕೋಟಾದಲ್ಲಿ ಸಿಕ್ಕಿದ ಸರಕಾರಿ ಕೆಲಸ ಬಿಡಬೇಕು. "ನೀ ಹೇಳ್ದಂಗೆ ಮಾಡ್ತೆ ಶೈಲೇಶ" ಎಂದೆ. ಅಲ್ಲ ಮಾರಾಯ, ನಿನಗೆ ಕೋಚ್ ಜಿತೇಂದ್ರ ಸರ್ ಇದ್ದಾರೆ, ಡಾಕ್ಟರಿದ್ದಾರೆ, ಅನ್ನ ತೂಗಿ ಬಡಿಸುವವರಿದ್ದಾರೆ. ಬ್ರಹ್ಮಾವರದ ಹೋಟೆಲಿನ ಗಲ್ಲಾದಲ್ಲಿ ಕುಂಟುಕಾಲು ಚಾಚಿ ಕುಳಿತವನ ಮಾತು ನಿನಗೆ ಯಾಕೆ ಬೇಕಾಯಿತು? ನಾನು ಹೂಂ ಎಂದರೆ ಯಾವುದಕ್ಕೆ ಹೂಂ ಎಂದ ಹಾಗಾಗುತ್ತದೆ ಎಂದು ಯೋಚಿಸುತ್ತಲೇ ಎರಡು ವಾರ ಕಳೆಯಿತು.

ಆದರೂ ಕೇಳಿದ್ದೀಯಲ್ಲ, ಹೇಳುತ್ತೇನೆ.

ಸೈಕಲಿನ ಬಗ್ಗೆ ಹೇಳಲು ಏನೂ ಇಲ್ಲ. ರಾಷ್ಟ್ರೀಯ ಚಾಂಪಿಯನ್ನಿಗೆ ನಾನು ಪೆಡಲು ತುಳಿಯುವುದನ್ನು ಕಲಿಸಬೇಕೇ? ನೂರ ಎಂಬತ್ತು ಕಿಲೋಮೀಟರ್ ಒಬ್ಬನೇ ಗಾಳಿಗೆ ಎದೆ ಕೊಟ್ಟು ಹೋಗುವುದು ನಿನಗೆ ಆಗುತ್ತದೆ. ಕಾಲಿಗೆ ಆ ಬಲ ಬಂದದ್ದು ನಮ್ಮ ಹಳೆಯ ತರಬೇತಿಯಿಂದ. ಬೆಳಗಾದರೆ ಮೀನಿನ ಲಾರಿಯ ಹಿಂದೆ ಬೀಳುತ್ತಿದ್ದೆವು. ಲಾರಿ ಗಾಳಿಯನ್ನು ತಡೆಯುತ್ತಿತ್ತು, ನಾವು ಅದರ ಬಾಲ ಹಿಡಿದು ಸಾಸ್ತಾನದ ಟೋಲಿನವರೆಗೆ ಹಾರುತ್ತಿದ್ದೆವು. ಐಸಿನ ನೀರು ಮುಖಕ್ಕೆ ಹಾರಿದರೆ ನಿನಗೆ ಅದು ಅಮ್ಮನ ಮೀನಿನ ಬುಟ್ಟಿಯ ವಾಸನೆ, ನನಗೆ ಮಾತ್ರ ವಾಂತಿ. ಮುಂದಿನವನು ನೀನು, ನಿನ್ನ ಚಕ್ರಕ್ಕೆ ಗೇಣು ಬಿಟ್ಟು ನಾನು. ರಸ್ತೆಯಲ್ಲಿ ಮೀನಿನ ನೀರು ಕಂಡರೆ ನೀನು ಸನ್ನೆಗೆ ಎಡಗೈ ಕೆಳಗೆ ಬಿಡುತ್ತಿದ್ದೆ, ನಾನು ಸರಿಯುತ್ತಿದ್ದೆ.

ಈಜಿನ ಬಗ್ಗೆ ನನಗೆ ಧೈರ್ಯವಿಲ್ಲ. ನಾವುಂದದ ಕಡಲಿನಲ್ಲಿ ಬೆಳೆದವನಿಗೆ ಈಜು ಹೇಳಿಕೊಡಬೇಕೇ ಎಂದು ಊರಿನವರು ನಗುತ್ತಾರೆ. ವಿಡಿಯೋ ನೋಡಿದ ಮೇಲೆ ನಾನು ನಗಲಿಲ್ಲ. ನಾಲ್ಕು ಕೈ ಹೊಡೆಯುವುದರೊಳಗೆ ತಲೆ ಮೇಲೆತ್ತುತ್ತೀ, ತಲೆ ಎತ್ತಿದಾಗೆಲ್ಲ ಕಾಲು ಮುಳುಗುತ್ತದೆ. ನಿನಗೆ ಈಜು ಕಲಿಸಿದ ಕಿಟ್ಟ ಮಾವನನ್ನೇ ಹೋಗಿ ಕೇಳಿದೆ. ಬಲೆ ನೇಯುತ್ತಾ ಕುಳಿತಿದ್ದವರು ನನ್ನನ್ನೇ ಬೈದರು. "ತಲೆ ನೀರಡಿಗೆ ಹಾಕಿ ಈಜುದ್ ಎಂತಕ್ಕೆ? ತೆರಿ ಬಪ್ಪುದ್ ಕಾಂಬುದ್ ಬ್ಯಾಡ್ದಾ?" ದೋಣಿ ಮಗುಚಿದರೆ ತೆರೆ ಬರುವುದನ್ನು ನೋಡಿಕೊಂಡು ಬದುಕಿ ಬರಲು ಕಲಿತ ಈಜು ಅದು, ರೇಸು ಗೆಲ್ಲಲು ಕಲಿತದ್ದಲ್ಲ. ಅದನ್ನು ಬಿಡಿಸಲು ಒಂದೆರಡು ವರ್ಷ ಬೇಕು. ಆದರೆ ಬಿಡಿಸಬಹುದು.

ಓಟ ಇನ್ನೂ ಕಷ್ಟ. ಸೈಕಲಿನ ಮೇಲೆ ನೀನು ರಾಜ. ಅಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಆಸೆಗೆ ಇದ್ದ ಬಿದ್ದ ಶಕ್ತಿಯನ್ನೆಲ್ಲ ಸುರಿದು ಇಳಿಯುತ್ತೀ. ಆಮೇಲೆ ನಲವತ್ತೆರಡು ಕಿಲೋಮೀಟರ್ ಓಡಲು ಬೇರೆ ಕಾಲು ತರಬೇಕು. ಹೋದ ತಿಂಗಳು ನೀನು ಮಾಡಿದ್ದು ಇದರ ಅರ್ಧ ದೂರದ ಸ್ಪರ್ಧೆ, ಅದರಲ್ಲೇ ಕೊನೆಗೆ ಆರು ಜನ ನಿನ್ನನ್ನು ದಾಟಿದರು. ಸೈಕಲಿನಲ್ಲಿ ಸ್ವಲ್ಪ ಜಿಪುಣನಾಗಲು ಕಲಿತರೆ ಇದೂ ಸರಿಯಾದೀತು.

ಇನ್ನು ನನ್ನ ತಲೆ ಕೆಡಿಸಿದ ವಿಷಯ. ಸೈಕಲಿನಲ್ಲೂ ಓಟದಲ್ಲೂ ನೀನು ಯಾಕೆ ಹಿಂದೆ ತಿರುಗಿ ನೋಡುತ್ತೀ? ಮೊದಲು ಎದುರಾಳಿ ಹತ್ತಿರ ಬಂದನೇ ಎಂದು ನೋಡುತ್ತಿರಬೇಕು ಅಂದುಕೊಂಡೆ. ಆದರೆ ಸೈಕಲಿನಲ್ಲಿ ಎಷ್ಟೋ ಹೊತ್ತು ನಿನ್ನ ಹಿಂದೆ ನರಪಿಳ್ಳೆಯೂ ಇರಲಿಲ್ಲ. ನಿನ್ನ ಈ ಹೊಸ ಆಟದಲ್ಲಿ ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದು ತಪ್ಪು, ದೂರ ಬಿಟ್ಟು ಹೋಗಬೇಕು, ಇಲ್ಲದಿದ್ದರೆ ದಂಡನೆ. ಯಾರೂ ಹಿಂದೆ ಇರಬಾರದು ಎಂದೇ ಕಾನೂನಿರುವ ಕಡೆ ಯಾರನ್ನು ಹುಡುಕುತ್ತೀ? ಕತ್ತುನೋವು ಎಂದೆಯಂತೆ, ಜಿತೇಂದ್ರ ಸರ್ ಎಣ್ಣೆ ಹಾಕಿ ತಿಕ್ಕಿಸಿದರಂತೆ. ನೋವಿದ್ದರೆ ಎರಡೂ ಕಡೆ ತಿರುಗಲು ಕಷ್ಟವಾಗಬೇಕಿತ್ತು. ನೀನು ತಿರುಗುವುದು ಎಡಕ್ಕೆ ಮಾತ್ರ. ಕಿಟ್ಟ ಮಾವನ ತೆರೆಯ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ, ರಸ್ತೆಯಲ್ಲಿ ತೆರೆ ಬರುವುದಿಲ್ಲವಲ್ಲ.

ಸೀತಕ್ಕ, ಅಂದರೆ ನಿನ್ನಮ್ಮ, ಹೋದ ಗುರುವಾರ ಹೋಟೆಲಿಗೆ ಬಂದಿದ್ದರು. ಬಂಗುಡೆ ತಂದಿದ್ದರು, ಬೇಡವೆಂದರೂ ಅಮಿತಾಳ ಕೈಗೆ ತುರುಕಿದರು. ನೀನು ಕೆಲಸ ಬಿಡುವ ಸುದ್ದಿ ಅವರಿಗೆ ಬೇರೆ ಯಾರಿಂದಲೋ ಗೊತ್ತಾಗಿದೆ. ನಿನಗೆ ಕೆಲಸ ಸಿಕ್ಕಿದ ಮೇಲೆ ಮೀನಿನ ಬುಟ್ಟಿ ಇಳಿಸಿದವರು ಅವರು. ಮತ್ತೆ ಹೊರಬೇಕಾಗುತ್ತದೋ ಎಂಬ ಹೆದರಿಕೆ ಇರಬೇಕು, ಬಾಯಿ ಬಿಟ್ಟು ಹೇಳಲಿಲ್ಲ. ಕೇಳಿದ್ದು ಬೇರೆ.

"ಅವ ಫೋನಂಗೆ ಸಮಾ ಮಾತಾಡುದಿಲ್ಲ ಮಗಾ. ಊರಿಗೂ ಬತ್ತಿಲ್ಲ. ನಿಮ್ಮಿಬ್ರಿಗೆ ಎಂತಾರೂ ಆಯ್ತಾ?"

ಏನೂ ಆಗಿಲ್ಲ ಸೀತಕ್ಕ ಎಂದೆ. ಅವರು ನನ್ನ ಕಾಲು ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಚಾ ಕುಡಿಯದೆ ಎದ್ದು ಹೋದರು. ನನ್ನ ಹಾಗೆ ಅವರೂ ಅನುಮಾನದ ಪ್ರಾಣಿಯೇ. ಹೋಗುವಾಗ ಮಾತ್ರ ಮಾರಣಕಟ್ಟೆಯ ದೇವರಿಗೆ ನಿನ್ನ ಹೆಸರಲ್ಲಿ ಹರಕೆ ಹೊತ್ತಿದ್ದೇನೆ ಎಂದರು.

ಆ ಹರಕೆ ನಿನ್ನನ್ನು ಕಾಯಲಿ. ಕಡಲು ನಿನಗೆ ದಾರಿ ಬಿಡಲಿ, ಕಾಲು ಕೊನೆಯವರೆಗೂ ನಿನ್ನ ಮಾತು ಕೇಳಲಿ. ಚಳಿಯಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿಗೆ ಇಳಿಯಬೇಡ.

ನಿನ್ನ,
ಶೈಲೇಶ

ಮರೆತ ಮಾತು: ಸಹಿ ಹಾಕಬೇಕೋ ಬೇಡವೋ ಹೇಳಲೇ ಇಲ್ಲ, ಅಲ್ಲವೇ? ಮರೆತದ್ದಲ್ಲ. ಮೇಲಿನದನ್ನೆಲ್ಲ ಬರೆದದ್ದು ಇದನ್ನು ಬರೆಯುವ ಧೈರ್ಯ ಬರಲಿ ಎಂದು.

ಮೂರು ವರ್ಷದ ಹಿಂದೆ ಆ ಸೈಕಲ್ ಆಯ್ಕೆಯ ಸ್ಪರ್ಧೆಯ ದಿನ, ಬೈಂದೂರಿನಿಂದ ಹೊರಟು ಎಲ್ಲರನ್ನೂ ಹಿಂದೆ ಬಿಟ್ಟು ನಾವಿಬ್ಬರೇ ಇದ್ದೆವು. ಮುಳ್ಳಿಕಟ್ಟೆ ಹತ್ತಿರ ರಸ್ತೆಯಲ್ಲಿ ಮೀನಿನ ನೀರು ಚೆಲ್ಲಿತ್ತು. ನೀನು ಸರಿದೆ, ಎಡಗೈ ಕೆಳಗೆ ಬಿಡಲಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ, ಆ ವೇಗದಲ್ಲಿ ನನಗೂ ಸನ್ನೆ ಮಾಡಲು ಆಗುತ್ತಿರಲಿಲ್ಲವೇನೋ. ನಾನು ಜಾರಿ ಬಿದ್ದೆ, ಮೊಣಕಾಲು ಸೈಕಲಿನಡಿಗೆ ಸಿಕ್ಕಿತು. ಬಿದ್ದಲ್ಲಿಂದ ತಲೆ ಎತ್ತಿ ನೋಡಿದೆ. ನೀನು ಎಡಕ್ಕೆ ತಿರುಗಿ ನನ್ನನ್ನು ನೋಡಿದೆ ಪ್ರಖ್ಯಾತ್. ಒಂದು ಸಲವಲ್ಲ. ನೋಡಿ ಮುಂದೆ ಹೋದೆ.

ಹೋದದ್ದಕ್ಕೂ ನನಗೆ ನೋವಿಲ್ಲ. ರೇಸಿನಲ್ಲಿ ಎಲ್ಲರೂ ಹೋಗುತ್ತಾರೆ. ಸಂಜೆ ಆಸ್ಪತ್ರೆಗೆ ಬಂದು, ನಿನ್ನಮ್ಮನ ಎದುರಿಗೆ, "ಬಿದ್ದದ್ದ್ ನಂಗ್ ಗೊತ್ತೇ ಆಯ್ಲ ಮಾರಾಯ" ಎಂದೆಯಲ್ಲ, ನೋವು ಅದರದ್ದು. ನಾನೂ ಹೌದೆಂದೆ, ಅವನು ಮುಂದಿದ್ದನಲ್ಲ ಸೀತಕ್ಕ, ಅವನಿಗೆ ಹೇಗೆ ಕಾಣಬೇಕು ಎಂದೆ. ಅವತ್ತಿನಿಂದ ಊರಿಗೆಲ್ಲ ಅದನ್ನೇ ಹೇಳುತ್ತಾ ಬಂದಿದ್ದೇನೆ. ಕಾಲಿಗಿಂತ ಹೆಚ್ಚು ಅದು ನೋಯುತ್ತದೆ.

ನೀನು ಗೆಲ್ಲಬಲ್ಲೆ. ಈಜು ಕಲಿಸುವವರಿದ್ದಾರೆ, ಓಟ ತಿದ್ದುವವರಿದ್ದಾರೆ. ಆ ಕತ್ತನ್ನು ಮಾತ್ರ ಬೇರೆ ಯಾರೂ ತಿದ್ದಲಾರರು. ಸಹಿ ಹಾಕುವ ಮೊದಲು ಒಮ್ಮೆ ನಾವುಂದಕ್ಕೆ ಬಾ. ನಾನೂ ಬರುತ್ತೇನೆ. ನಿನ್ನಮ್ಮನ ಎದುರು ಕುಳಿತು, ಕಂಡಿದ್ದೆ ಎಂದು ಒಂದು ಮಾತು ಹೇಳು. ಆಮೇಲೆ ನೆಟ್ಟಗೆ ಮುಂದೆ ನೋಡಿಕೊಂಡು ಓಡು. ಹಿಂದೆ ಯಾರೂ ಬಿದ್ದುಕೊಂಡಿಲ್ಲ ಮಾರಾಯ, ನಾನು ಆ ರಸ್ತೆಯಿಂದ ಎದ್ದು ಮನೆಗೆ ಬಂದು ಮೂರು ವರ್ಷವಾಯಿತು.