ಬಾಗಿಲ ಮೇಲಿನ ನಲವತ್ತೇಳು

ಮನೆಯಿಂದ,
ಮಾರ್ಚ್ ಒಂಬತ್ತು, ಸೋಮವಾರ ಬೆಳಿಗ್ಗೆ

ನನ್ನ ಪ್ರೀತಿಯ ಪ್ರಶ್ನೆಪತ್ರಿಕೆಗೆ,

ಹೇಗಿದ್ದೀಯ ಮರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಪುಸ್ತಕ ಹಿಡಿದುಕೊಂಡೇ ಹೊಟ್ಟೆಗೆ ಮೋಸ ಮಾಡುತ್ತೀಯೋ? ಕಣ್ಣುರಿಗೆ ಹಾಕಿಕೊಳ್ಳುವ ಔಷಧಿ ಮುಗಿದಿದ್ದರೆ ನಾಳೆ ನಾಳೆ ಅನ್ನಬೇಡ. ನಾವಿಬ್ಬರೂ ಇದ್ದೇವೆ. ಅಜ್ಜಿಯ ಮಂಡಿ ಮೆಟ್ಟಿಲು ಕಂಡರೆ ಮಾತ್ರ ಮುನಿಸಿಕೊಳ್ಳುತ್ತದೆ. ನನ್ನ ಬಲಗೈ ನಡುಕ ಹಾಗೇ ಇದೆ, ಅದಕ್ಕೇ ಈ ಅಕ್ಷರಗಳ ಕುಣಿತ. ಸ್ಕೇಲು ಇಲ್ಲದೆ ಗೋಡೆಯ ಮೇಲೆ ಹತ್ತಡಿ ಗೆರೆ ಎಳೆಯುತ್ತಿದ್ದ ಕೈ ಇದು ಅಂದರೆ ನೀನಾದರೂ ನಂಬಬೇಕು.

ಆ ಸಿನಿಮಾ ಮತ್ತೆ ಥಿಯೇಟರಿಗೆ ಬಂದಿದೆ ಎಂದು ನೀನು ಕಳಿಸಿದ ಎರಡು ಟಿಕೆಟ್ ತಲುಪಿದವು. ಅದರ ಜೊತೆಗಿದ್ದ ನಿನ್ನ ಪ್ರಬಂಧವನ್ನು ಎರಡು ಸಲ ಓದಿದೆ, ಎರಡನೇ ಸಲ ಕನ್ನಡಕ ಒರೆಸಿಕೊಂಡು. ನಾನು ಹಳೇ ಕಾಲದಲ್ಲಿ ಕೆಲಸ ಮಾಡಿದ ಸಿನಿಮಾವನ್ನು ನನ್ನ ಮೊಮ್ಮಗಳೇ ಕಾಲೇಜಿನಲ್ಲಿ ಕೂತು ಕೂದಲು ಸೀಳಿದಂತೆ ಸೀಳುತ್ತಾಳೆ ಎಂದು ಯಾರು ಎಣಿಸಿದ್ದರು! ನಾಲ್ಕು ಕಡೆ ನಲವತ್ತೇಳು ಬರುತ್ತದೆ ಎಂದು ನೀನು ಹಿಡಿದಿರುವುದು ಸರಿಯಾಗಿದೆ: ಲಾಡ್ಜಿನ ಬಾಗಿಲು, ಬಸ್ಸಿನ ಬೋರ್ಡು, ಗಡಿಯಾರ ರಿಪೇರಿ ಅಂಗಡಿಯ ಚೀಟಿ, ಕೊನೆಯ ರೈಲು ಡಬ್ಬಿ. ನಾಲ್ಕು, ಏಳು ಕೂಡಿದರೆ ಹನ್ನೊಂದು, ಹನ್ನೊಂದು ಎಂದರೆ ಪಕ್ಕಪಕ್ಕ ನಿಂತ ಎರಡು ಒಂದುಗಳು, ಅಂದರೆ ಒಂದೇ ಊರಲ್ಲಿದ್ದೂ ಒಬ್ಬರನ್ನೊಬ್ಬರು ಕಾಣದೆ ಹೋಗುವ ಆ ಅಣ್ಣ ತಮ್ಮ, ಎಂದು ಬರೆದಿದ್ದೀಯಲ್ಲ, ಅಲ್ಲಿ ನಾನು ಭೇಷ್ ಅಂದೆ. ಡೈರೆಕ್ಟರು ಬದುಕಿದ್ದರೆ ಅವರೂ ಅನ್ನುತ್ತಿದ್ದರು. ಆದರೆ ಮುಂದಿನ ವಾರ ಅದನ್ನು ಕಾಲೇಜಿಗೆ ಒಪ್ಪಿಸುವ ಮುಂಚೆ ನಿಜ ನಿನಗೆ ಗೊತ್ತಿರಲಿ ಎಂದು ಈ ಕಾಗದ.

ಆ ಲಾಡ್ಜು ಎಂದರೆ ಸ್ಟುಡಿಯೋದೊಳಗಿನ ಸೆಟ್ಟು: ಪ್ಲೈವುಡ್ಡಿನ ಗೋಡೆ, ಹಿಂದೆ ಆನಿಸಿದ ಮರದ ಊರುಗೋಲು, ಅಷ್ಟೇ. ಬಾಗಿಲುಗಳಿಗೆ ನಂಬರು ಬರೆಯುವುದು ನನ್ನ ಕೆಲಸ. ಹೀರೋ ಇಳಿದುಕೊಳ್ಳುವ ರೂಮಿಗೆ ಹನ್ನೆರಡು ಎಂದು ನನಗೆ ಕೊಟ್ಟ ಪಟ್ಟಿಯಲ್ಲಿತ್ತು. ನಾನು ಬರೆದದ್ದು ನಲವತ್ತೇಳು. ಬೇಕೆಂದು ಬರೆದದ್ದಲ್ಲ ಮರಿ, ಕೈ ತಾನಾಗಿಯೇ ಬರೆಯಿತು. ಆಗ ನಮ್ಮ ಮೊದಲ ಮಗು ಏಳೇ ತಿಂಗಳಿಗೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಹೆಣ್ಣು. ನನ್ನ ಅಂಗೈ ಅಗಲದ ಬೆನ್ನು. ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ನಲವತ್ತೇಳು ಎಂದಿತ್ತು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ, ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆವು. ನರ್ಸು ಬಾಗಿಲು ತೆಗೆದು ನಲವತ್ತೇಳರವರು ಯಾರು ಎಂದು ಕೂಗಿದರೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದೆವು, ಅಜ್ಜಿಗೆ ಏಳಲು ಆಗದಿದ್ದರೂ. ಅಲ್ಲಿಂದ ನೇರ ಸ್ಟುಡಿಯೋಗೆ ಬಂದು ಬ್ರಷ್ಷು ಹಿಡಿಯುತ್ತಿದ್ದೆ. ತಲೆಯಲ್ಲಿ ಬೇರೆ ಯಾವ ಸಂಖ್ಯೆಗೂ ಜಾಗವಿರಲಿಲ್ಲ.

ಡೈರೆಕ್ಟರು ಮಹಾ ಸೂಕ್ಷ್ಮದ ಮನುಷ್ಯ. ಮೇಜಿನ ಮೇಲಿನ ಚಹಾ ಕಪ್ಪಿನ ಕಿವಿ ಯಾವ ಕಡೆ ತಿರುಗಿದೆ ಎಂದು ನೋಡುವವರು ಬಾಗಿಲಿನ ನಂಬರು ಬಿಡುತ್ತಾರೆಯೇ? ನನ್ನ ಕಥೆ ಮುಗಿಯಿತು ಅಂದುಕೊಂಡೆ. ಪಕ್ಕಕ್ಕೆ ಕರೆದು, ಯಾಕೆ ಪೇಂಟರೇ, ನಲವತ್ತೇಳು ಅಂದರು. ಸುಳ್ಳು ಹೆಣೆಯಲು ಹೊರಟೆ, ಬಾಯಿ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಾಗಿಲ ಹತ್ತಿರ ಹೋಗಿ ಬಣ್ಣ ಒಣಗಿದೆಯೇ ಎಂದು ಬೆರಳಿಟ್ಟು ನೋಡಿದರು. "ಇರಲಿ, ಅಳಿಸಬೇಡಿ" ಅಂದರು. ಲಾಡ್ಜಿನ ಗುಮಾಸ್ತನ ಪಾತ್ರದವರು ಹಿಂದಿನ ದಿನವೇ ಹನ್ನೆರಡು ಎಂದು ಮಾತು ಒಪ್ಪಿಸಿಯಾಗಿತ್ತು, ಆ ದೃಶ್ಯವನ್ನೇ ಮತ್ತೆ ಶೂಟಿಂಗ್ ಮಾಡಿದರು.

ಹದಿನಾರನೇ ದಿನ ಮಗು ಹೋಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ವಾರ ಬಿಟ್ಟು ಕೆಲಸಕ್ಕೆ ಹೋದೆ. ಯಾರೂ ಏನೂ ಕೇಳಲಿಲ್ಲ, ಹೆಚ್ಚು ಚಹಾ ಮಾತ್ರ ಕೊಟ್ಟರು. ಅಷ್ಟರಲ್ಲಿ ಬಸ್ಸಿನ ಬೋರ್ಡೂ ರಿಪೇರಿ ಅಂಗಡಿಯ ಚೀಟಿಯೂ ಬದಲಾಗಿ ನನ್ನ ಮೇಜಿನ ಮೇಲೆ ಬರೆಯಲು ಕಾದಿದ್ದವು, ಎರಡಕ್ಕೂ ಅದೇ ಸಂಖ್ಯೆ. ತಿದ್ದಿದ ಅಕ್ಷರ ಡೈರೆಕ್ಟರದು. ಕೊನೆಯ ದಿನ ರೈಲು ಡಬ್ಬಿಯ ಮುಂದೆ ಬಣ್ಣದ ಡಬ್ಬ ಹಿಡಿದು ನಿಂತು, ಎಷ್ಟು ದೊಡ್ಡದಾಗಿ ಬರೆಯಲಿ ಸಾರ್ ಎಂದೆ. "ನಿಮಗೆ ಎಷ್ಟು ದೂರದವರೆಗೆ ಕಾಣಬೇಕೋ ಅಷ್ಟು" ಅಂದರು. ರೈಲು ಹೋದ ಮೇಲೂ ಕ್ಯಾಮೆರಾ ಬಹಳ ಹೊತ್ತು ನಿಂತೇ ಇರುತ್ತದೆ, ಯಾಕೋ ಅರ್ಥವಾಗುವುದಿಲ್ಲ ಎಂದು ಬರೆದಿದ್ದೀಯಲ್ಲ, ಆಗ ಅವರ ಪಕ್ಕದಲ್ಲಿ ನಾನಿದ್ದೆ. ಸಂಖ್ಯೆ ಚುಕ್ಕೆಯಾಗಿ ಕರಗುವ ತನಕ ಅವರು ನಿಲ್ಲಿಸಿ ಎನ್ನಲಿಲ್ಲ.

ಇದನ್ನೆಲ್ಲ ನಾನು ಅಜ್ಜಿಗೆ ಹೇಳಿರಲಿಲ್ಲ. ಆ ದಿನಗಳ ಸಿನಿಮಾ ನನಗೆ ಬೇಡ ಎಂದು ಅವಳು ನೋಡಿರಲೂ ಇಲ್ಲ. ಈಗ ಮೊಮ್ಮಗಳ ಟಿಕೆಟ್ ಎಂದು, ಮಂಡಿ ಹಿಡಿದುಕೊಂಡೇ, ಶನಿವಾರ ಮಧ್ಯಾಹ್ನದ ಆಟಕ್ಕೆ ಬಂದಳು. ಹಳೇ ರೀಲನ್ನು ಈಗ ಸರಿಪಡಿಸಿದ್ದಾರಂತೆ, ತೊಳೆದು ತೆಗೆದ ಹಾಗೆ ಪರದೆ ಹೊಳೆಯುತ್ತಿತ್ತು. ಲಾಡ್ಜಿನ ಬಾಗಿಲು ಬಂದಾಗ ಮುಂದಕ್ಕೆ ಬಾಗಿದಳು. ಬಸ್ಸು ಬಂದಾಗ ನನ್ನ ಕಡೆ ತಿರುಗಿದಳು. ರೈಲು ಹೊರಟಾಗ ಎದುರಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಳು, ಹಿಂದಿನವರು ಕೂತ್ಕೊಳ್ಳಿ ಅಮ್ಮಾ ಅಂದರೂ ಕೇಳಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹೇಳಿದಳು: "ಏಳರ ಬಾಲ ನೀವು ಹೇಗೆ ಎಳೆಯುತ್ತೀರಿ ನನಗೆ ಗೊತ್ತಿಲ್ಲವೇ? ಐವತ್ತು ವರ್ಷ ಊರಿಗೆಲ್ಲ ತೋರಿಸಿದ್ದೀರಿ. ನನಗೊಬ್ಬಳಿಗೆ ಹೇಳಲಿಲ್ಲ."

"ನಿನ್ನ ನೋವು ಕೆದಕಬಾರದೆಂದು ಹೇಳಲಿಲ್ಲ" ಎಂದೆ ಅವಳಿಗೆ. ಅದು ಅರ್ಧ ನಿಜ. ನನ್ನದನ್ನು ನಾನು ಮುಟ್ಟಿಕೊಳ್ಳಲಾರದೆ ಸುಮ್ಮನಿದ್ದೆ, ಅದು ಇನ್ನರ್ಧ. ಭಾನುವಾರವೆಲ್ಲ ಅವಳು ನನ್ನೊಡನೆ ಮಾತಾಡಲಿಲ್ಲ. ಬಡಿಸಿದಳು, ಆದರೆ ಇನ್ನೂ ಸ್ವಲ್ಪ ಹಾಕಲೇ ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ದೊಡ್ಡ ಶಿಕ್ಷೆ, ನಿನಗೇ ಗೊತ್ತು.

ನಿನ್ನ ಹನ್ನೊಂದನ್ನು ಹೊಡೆದುಹಾಕು ಎಂದು ನಾನು ಹೇಳುತ್ತಿಲ್ಲ. ನೋಡುವವರಿಗೆ ಕಂಡದ್ದೂ ಸಿನಿಮಾದ್ದೇ. ನಾನು ಬರೆದದ್ದನ್ನು ಸೇರಿಸುವುದೋ ಬಿಡುವುದೋ ನಿನ್ನ ಮನಸ್ಸಿಗೆ ಬಿಟ್ಟದ್ದು. ಚೆನ್ನಾಗಿ ಓದು, ಚೆನ್ನಾಗಿ ನಿದ್ದೆ ಮಾಡು. ಇಬ್ಬರ ಕೈಯೂ ನಿನ್ನ ತಲೆಯ ಮೇಲಿದೆ.

ನಿನ್ನ
ಅಜ್ಜ

ಕೊನೆಗೆ ಸೇರಿಸಿದ್ದು: ಕವರಿಗೆ ಹಾಕುವಷ್ಟರಲ್ಲಿ ಅಜ್ಜಿ ಬಂದು ಕಾಗದ ಕಿತ್ತುಕೊಂಡು ಪೂರ್ತಿ ಓದಿದಳು. ಹದಿನಾರಲ್ಲ, ಹದಿನೇಳನೇ ದಿನ ಎಂದು ತಿದ್ದಲು ಹೇಳಿದಳು. ನಾನು ಹೊಡೆದು ಬರೆಯುವುದಿಲ್ಲ, ಇಲ್ಲೇ ತಿಳಿದುಕೋ. ಆಮೇಲೆ ಪಕ್ಕದಲ್ಲಿ ಕೂತು ಇನ್ನೊಂದು ಹೇಳಿದಳು. ಆ ಬೆಂಚಿನ ಮೇಲೆ ಕೂತಾಗಲೇ ಮಗುವಿಗೆ ಒಂದು ಹೆಸರು ಇಟ್ಟುಕೊಂಡಿದ್ದಳಂತೆ, ನನಗೂ ಹೇಳದೆ. ಈಗ ಹೇಳಿದಳು. ಕಾಗದದಲ್ಲಿ ಬರೆಯಬೇಡಿ, ನಾನೇ ಬಾಯಿಂದ ಹೇಳುತ್ತೇನೆ ಎಂದಿದ್ದಾಳೆ. ಈ ಶನಿವಾರ ಬಾ. ನಿಮ್ಮಪ್ಪನನ್ನೂ ಹೇಗಾದರೂ ಕರೆದುಕೊಂಡು ಬಾ. ತನಗೊಬ್ಬಳು ಅಕ್ಕ ಇದ್ದಳು ಎಂದು ಅವನಿಗೆ ಈ ತನಕ ಗೊತ್ತಿಲ್ಲ. ದಾರಿಯಲ್ಲಿ ನೀನು ಬಾಯಿ ಬಿಡಬೇಡ.